ಎರಡು ಸಾವಿರ ಹರ್ಟ್ಜ್‌ನ ಆಚೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಹುನಗುಂದದ ನಮ್ಮ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ನಾನು ವಿಜ್ಞಾನ ಕಲಿಸುತ್ತೇನೆ. ಒಂಬತ್ತನೆಯ ತರಗತಿಗೆ ಶಬ್ದದ ಪಾಠ ಬಂದಾಗ, ಕನ್ನಡದ ಮಾಸ್ತರರು ಮಾಡಿಸುವ ಕೆಲಸವನ್ನು ನಾನೂ ಮಾಡಿಸುತ್ತೇನೆ: ಹರ್ಟ್ಜ್ ಎಂಬ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ. ಪ್ರತಿ ವರ್ಷವೂ ಅದೇ ರಾಗ, ಅದೇ ತಾಳ. 'ಗಣಪತಿ ಮುಂದೆ ಹಚ್ಚಿದ ಡಿಜೆ ಹತ್ತು ಸಾವಿರ ಹರ್ಟ್ಜ್ ಜೋರಿತ್ತು.' 'ನಮ್ಮ ಮನೆಗೆ ಇನ್ನೂರಾ ಮೂವತ್ತು ಹರ್ಟ್ಜ್ ಕರೆಂಟ್ ಬರುತ್ತದೆ.' 'ಇಳಕಲ್ ಬಸ್ಸು ಎಂಬತ್ತು ಹರ್ಟ್ಜ್ ವೇಗದಲ್ಲಿ ಹೋಯಿತು.'

ಆಗ ನಾನು ಸೀಮೆಸುಣ್ಣ ಮುರಿಯುವ ಹಾಗೆ ಒತ್ತಿ ಬೋರ್ಡಿನ ಮೇಲೆ ಬರೆಯುತ್ತೇನೆ. ಹರ್ಟ್ಜ್ ಎಂದರೆ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಎಂಬ ಲೆಕ್ಕ. ತಂತಿ ಸೆಕೆಂಡಿಗೆ ಇನ್ನೂರು ಸಲ ಕಂಪಿಸಿದರೆ ಅದರ ಆವೃತ್ತಿ ಇನ್ನೂರು ಹರ್ಟ್ಜ್. 'ಸೆಕೆಂಡಿಗೆ ಇನ್ನೂರು ಹರ್ಟ್ಜ್' ಎನ್ನಲೂಬಾರದು, ಸೆಕೆಂಡು ಆಗಲೇ ಆ ಪದದ ಹೊಟ್ಟೆಯೊಳಗಿದೆ. ದನಿ ಗುಡುಗಿನ ಹಾಗೆ ದಪ್ಪವೋ ಸೀಟಿಯ ಹಾಗೆ ಸಣ್ಣದೋ ಎಂದು ಹೇಳುವುದು ಹರ್ಟ್ಜ್. ಗಟ್ಟಿಯೋ ಮೆತ್ತಗೋ ಎಂದು ಹೇಳುವುದು ಡೆಸಿಬೆಲ್. ನಮ್ಮ ಮನೆಗಳಿಗೆ ಬರುವ ಕರೆಂಟಿನ ಒತ್ತಡ ಇನ್ನೂರಾ ಮೂವತ್ತು ವೋಲ್ಟ್, ಆವೃತ್ತಿ ಐವತ್ತು ಹರ್ಟ್ಜ್. ಇಷ್ಟನ್ನು ಕಲೆಸಿಬಿಟ್ಟವರ ಮೇಲೆ ನಾನು ಹರಿಹಾಯುತ್ತೇನೆ.

"ಒಂದ ಮಾರ್ಕಿನ ಪ್ರಶ್ನಿ ಟೀಚರ್, ಅದಕ್ಕ್ಯಾಕ ಇಷ್ಟ ತಲಿ ಕೆಡಿಸ್ಕೋತೀರಿ?" ಎಂದು ಜೊತೆಯವರು ನಗುತ್ತಾರೆ.

ನಗಲಿ. ಅವರಿಗೆ ಗೊತ್ತಿಲ್ಲ. ದನಿ ಮೆತ್ತಗಿರುವುದಕ್ಕೂ ಸಣ್ಣದಿರುವುದಕ್ಕೂ ಇರುವ ವ್ಯತ್ಯಾಸ ತಿಳಿಯದ ಜನರ ನಡುವೆ ನನ್ನ ಅವ್ವ ತನ್ನ ಸ್ವಂತ ಮನೆಯಲ್ಲಿ ಹುಚ್ಚಿ ಎನ್ನಿಸಿಕೊಂಡು ದಿನ ತೆಗೆದಳು.

ಅವ್ವ ಇಳಕಲ್ಲಿನ ನೇಕಾರರ ಮನೆಯ ಹೆಣ್ಣು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿದ್ದ ಕುಣಿಯ ಕೈಮಗ್ಗ ಮಾರಿ ಪವರ್‌ಲೂಮ್ ಶೆಡ್ಡಿಗೆ ದುಡಿಯಲು ಹೋದಳು. ನನ್ನನ್ನೂ ನನ್ನ ತಮ್ಮನನ್ನೂ ಓದಿಸಿದ್ದು ಆ ಶೆಡ್ಡೇ. ತಗಡಿನ ಮಾಡಿನ ಕೆಳಗೆ ಸಾಲು ಸಾಲು ಯಂತ್ರದ ಮಗ್ಗಗಳು, ಒಂದೊಂದರಲ್ಲೂ ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿದುಕೊಳ್ಳುವ ಸದ್ದು. ಪಕ್ಕದವಳ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಅಲ್ಲಿಯ ಹೆಂಗಸರು ಕೂಗುವುದನ್ನೇ ಬಿಟ್ಟಿದ್ದರು. ದನಿ ತೆಗೆಯದೆ ತುಟಿಯನ್ನಷ್ಟೇ ದೊಡ್ಡದಾಗಿ ಆಡಿಸಿ ಮಾತಾಡುತ್ತಿದ್ದರು. ಎದುರಿನವಳು ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಿದ್ದಳು. ಮದುವೆ ಮನೆಗೆ ಹೋದರೂ ಇವರದು ಅದೇ ಚಾಳಿ. ಅವ್ವ ಹಂದರದ ಈ ತುದಿಯಲ್ಲಿ, ಗೆಳತಿ ಆ ತುದಿಯಲ್ಲಿ, ನಡುವೆ ಊರೆಲ್ಲ ಊಟಕ್ಕೆ ಕೂತಿರುವಾಗ ಮದುಮಗಳ ಮೈಮೇಲಿನ ಬಂಗಾರ ಖರೆಯೋ ಸುಳ್ಳೋ ಎಂಬ ಚರ್ಚೆ ಸದ್ದಿಲ್ಲದೆ ಮುಗಿದಿರುತ್ತಿತ್ತು. ಸಣ್ಣವಳಿದ್ದಾಗ ನಾನು ಓಣಿಯ ಆಚೆ ಬದಿಯಲ್ಲಿ ಗೆಳತಿಯ ಕಿವಿಯಲ್ಲಿ ಪಿಸುಗುಟ್ಟಿದ್ದನ್ನೂ ಅವ್ವ ಕಟ್ಟೆಯ ಮೇಲೆ ಕೂತು ಓದಿಬಿಡುತ್ತಿದ್ದಳು. ಅವಳಿಂದ ಗುಟ್ಟು ಮುಚ್ಚಿಡುವುದು ಆಗದ ಮಾತಾಗಿತ್ತು.

ಕೈಯಲ್ಲಿ ಆಗುವ ತನಕ ದುಡಿದು ಅವ್ವ ಮನೆಯಲ್ಲಿ ಕೂತಳು. ನನ್ನ ತಮ್ಮ ಇಳಕಲ್ಲಿನ ಹೊರಗಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಣೆ ನೋಡಿಕೊಳ್ಳುತ್ತಾನೆ. ಅವನ ಹೆಂಡತಿ ಅಮೀನಗಡದ ಹುಡುಗಿ, ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಸಂಸ್ಕಾರವಂತೆ ಎಂದು ಓಣಿಯವರೆಲ್ಲ ಹೊಗಳುವ ಸೊಸೆ. ಅತ್ತೆಯ ಮುಂದೆ ತಲೆಯ ಮೇಲಿನ ಸೆರಗು ಜಾರಗೊಡುವುದಿಲ್ಲ, ಮುಖ ಎತ್ತುವುದಿಲ್ಲ, ನೆಲ ನೋಡುತ್ತ ಮೆತ್ತಗಿನ ದನಿಯಲ್ಲಿ ಮಾತಾಡುತ್ತಾಳೆ. ಹಿರಿಯರ ಮುಂದೆ ಹಾಗೆಯೇ ಇರಬೇಕೆಂದು ತವರಿನಲ್ಲಿ ಕಲಿಸಿ ಕಳಿಸಿದ್ದರು.

ದೂರುಗಳು ಶುರುವಾದದ್ದು ಆಮೇಲೆ. ಸೊಸೆ ಒಂದು ಕೇಳಿದರೆ ಅತ್ತೆ ಮತ್ತೊಂದು ಹೇಳುತ್ತಾಳೆ. ಕುಕ್ಕರು ಕೂಗಿ ಕೂಗಿ ಬೇಳೆ ಕರಕಲಾದರೂ ಅದರ ಪಕ್ಕದಲ್ಲೇ ಕೂತು ಕಾಳು ಆರಿಸುತ್ತಿರುತ್ತಾಳೆ. ಮಡಿಲಲ್ಲಿಟ್ಟ ಮೊಬೈಲು ಬಡಿದುಕೊಂಡರೂ ಗೋಡೆ ನೋಡುತ್ತಿರುತ್ತಾಳೆ. ಆದರೆ ಓಣಿಯ ಬಾಯಿಗೆ ಕಲ್ಲು ಹೊತ್ತ ಲಾರಿ ಬಂದರೆ ಮೊದಲು ಅವಳೇ ತಿರುಗಿ ನೋಡುತ್ತಾಳೆ. ತಮ್ಮನ ದಪ್ಪ ಗಂಟಲು ಅಂಗಳದಿಂದ ಕರೆದರೆ ಓಗೊಡುತ್ತಾಳೆ.

"ಬೇಕಾದ್ದ ಕೇಳ್ತೈತಿ ಆಕಿಗೆ, ಬ್ಯಾಡಾದ್ದ ಕೇಳೂದಿಲ್ಲ" ಎಂದು ತಮ್ಮ ಮೊದಮೊದಲು ಸಿಡುಕುತ್ತಿದ್ದ. ಕುಕ್ಕರು ಎರಡನೆಯ ಸಲ ಸುಟ್ಟ ಮೇಲೆ ಅವನ ಮಾತು ಬದಲಾಯಿತು. "ಅಕ್ಕಾ, ಅವ್ವಗ ತಲಿ ಕೆಟ್ಟೈತಿ" ಎಂದು ನನಗೆ ಫೋನಿನಲ್ಲಿ ಹೇಳಿದ.

"ನನ್ನ ಕೂಡ ಚಂದಂಗ ಮಾತಾಡ್ತಾಳಲ್ಲೋ" ಎಂದೆ. ನಾನು ಎದುರಿಗೆ ಕೂತು, ಕ್ಲಾಸಿನ ಗಂಟಲಿನಲ್ಲಿ ಬಾಯ್ತುಂಬ ಮಾತಾಡುವವಳು. ನನ್ನ ಒಂದು ಮಾತೂ ಅವಳಿಗೆ ತಪ್ಪುತ್ತಿರಲಿಲ್ಲ.

"ನೀ ಬಂದಾಗ ನಾಟಕ ಮಾಡ್ತಾಳ."

ಅವಳನ್ನು ಒಬ್ಬ ಡಾಕ್ಟರರ ಹತ್ತಿರ ಕರೆದೊಯ್ದರು. ಅಲ್ಲಿ ನಡೆದದ್ದನ್ನು ಆಮೇಲೆ ಸೊಸೆಯೇ ನನಗೆ ಹೇಳಿದಳು. ಡಾಕ್ಟರು ಅವ್ವನನ್ನು ಎದುರಿಗೆ ಕೂರಿಸಿಕೊಂಡು "ಕಿವಿ ಕೇಳಿಸ್ತವೇನಮ್ಮಾ?" ಎಂದು ಕೇಳಿದರಂತೆ. ಅವ್ವ ಅವರ ತುಟಿ ನೋಡಿ "ಕೇಳಸ್ತಾವ್ರಿ" ಎಂದಳಂತೆ. ಊರು ಯಾವುದು, ಮಕ್ಕಳೆಷ್ಟು, ಊಟ ಏನು ಮಾಡಿದಿರಿ, ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟಳಂತೆ. ಕಿವಿ ಚೆನ್ನಾಗಿವೆ ಎಂದು ಅಲ್ಲಿಗೇ ತೀರ್ಮಾನವಾಯಿತು. ಕಿವಿ ಚೆನ್ನಾಗಿದ್ದೂ ಮನೆಯಲ್ಲಿ ಹೀಗೆ ಮಾಡುತ್ತಾಳೆಂದರೆ ದೋಷ ತಲೆಯಲ್ಲೇ ಇರಬೇಕು ಎಂದು ಗುಳಿಗೆ ಬರೆದುಕೊಟ್ಟರು. ಪವರ್‌ಲೂಮ್ ಶೆಡ್ಡಿನಲ್ಲಿ ಬಾಳು ಸವೆಸಿದ ಹೆಂಗಸಿನ ಕಿವಿಯನ್ನು ಎದುರಿಗೆ ಕೂತು ಪರೀಕ್ಷಿಸಬಾರದು ಎಂದು ಆ ಮಹಾನುಭಾವರಿಗೆ ಹೊಳೆಯಲಿಲ್ಲ. ಅಲ್ಲೇ ನಿಂತಿದ್ದ ನನ್ನ ತಮ್ಮನಿಗೂ ಹೊಳೆಯಲಿಲ್ಲ, ಆ ತುಟಿಗಳನ್ನೇ ನೋಡುತ್ತ ಬೆಳೆದವನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು.

ಗುಳಿಗೆ ಮೊಳಕಾಲು ನೋವಿಗೆ ಎಂದು ಹೇಳಿ ಅವ್ವನಿಗೆ ನುಂಗಿಸಿದರು. ಅವಳು ಹಗಲೆಲ್ಲ ತೂಕಡಿಸತೊಡಗಿದಳು. ಒಲೆಯ ಹತ್ತಿರ ಹೋಗಕೂಡದು ಎಂದಾಯಿತು. ಗಂಡ ಹೆಂಡತಿ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಚಿಲಕ ಹಾಕತೊಡಗಿದರು. ನನಗೆ ಸಿಗುತ್ತಿದ್ದ ಉತ್ತರ ಒಂದೇ: "ಅವ್ವ ಆರಾಮ ಅದಾಳ, ಮಲಗ್ಯಾಳ."

ಒಂದು ಭಾನುವಾರ ಹೋದಾಗ ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಕಣ್ಣು ಅರೆಮುಚ್ಚಿದ್ದವು, ತುಟಿಯ ಅಂಚಿನಲ್ಲಿ ಜೊಲ್ಲು. ಮಗ್ಗದ ಮುಂದೆ ಕೂತ ಹಾಗೆ ಯಾವಾಗಲೂ ನೆಟ್ಟಗೆ ಕೂರುತ್ತಿದ್ದ ಹೆಂಗಸು ಗೋಡೆಗೆ ಆತುಕೊಂಡಿದ್ದಳು. ಒಳಗೆ ಹೋಗಿ ತಮ್ಮನ ಕೊರಳಪಟ್ಟಿ ಹಿಡಿಯಬೇಕು ಎನ್ನುವಷ್ಟರಲ್ಲಿ ಎದುರು ಮನೆಯ ಮುದುಕಿ ಬಾಗಿಲಿಗೆ ಬಂದಳು. ಅವ್ವನ ಶೆಡ್ಡಿನ ಗೆಳತಿ. ದನಿಯಿಲ್ಲದೆ ಬಾಯಿ ಆಡಿಸಿದಳು. ಅವ್ವನ ಕಣ್ಣು ತೆರೆದವು, ತುಟಿ ಅಲುಗಿದವು. ನಡುವೆ ಓಣಿಯಲ್ಲಿ ಮೋಟರ್‌ಸೈಕಲ್ಲುಗಳು ಓಡಾಡುತ್ತಿದ್ದವು. ಆ ಮುದುಕಿ ಒಳಗೆ ಹೋದ ಮೇಲೆ ಅವ್ವ ನನ್ನ ಕಡೆ ತಿರುಗಿ, ಗುಳೇದಗುಡ್ಡಕ್ಕೆ ಕೊಟ್ಟ ಆಕೆಯ ಮೊಮ್ಮಗಳು ಬಸುರಿ, ವಾಂತಿ ನಿಲ್ಲುತ್ತಿಲ್ಲ, ಬರುವ ವಾರ ಕರೆತರುತ್ತಾರೆ, ಹಿಂದೆ ಆಕೆಯ ತಾಯಿಗೂ ಹೀಗೇ ಆಗಿತ್ತು ಎಂದು ಎಲ್ಲ ಹೇಳಿದಳು. ತಲೆ ಕೆಟ್ಟವರು ಹೇಳುವ ಸುದ್ದಿಯೇ ಇದು?

ನಾನು ಎದ್ದು ಅವಳ ಬೆನ್ನ ಹಿಂದೆ ನಿಂತು, ಗಟ್ಟಿಯೂ ಅಲ್ಲದ ಮೆತ್ತಗೂ ಅಲ್ಲದ ದನಿಯಲ್ಲಿ ಕೇಳಿದೆ, "ಯವ್ವಾ, ಚಾ ಕುಡೀತೀಯೇನು?" ಅವಳು ಓಣಿ ನೋಡುತ್ತಲೇ ಇದ್ದಳು. ಎದುರಿಗೆ ಬಂದು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅದೇ ಮಾತು ಕೇಳಿದೆ. ಅವ್ವ ನನ್ನ ಕಣ್ಣನ್ನೇ ನೋಡಿದಳು.

"ಸೆರಗ ತಗಿ" ಎಂದಳು. "ಬಾಯಿ ಕಾಣವಲ್ದು."

ತನಗೆ ಕೇಳಿಸುತ್ತಿಲ್ಲ ಎಂದು ಅವ್ವನಿಗೇ ಗೊತ್ತಿರಲಿಲ್ಲ. ಶೆಡ್ಡಿನಲ್ಲಿ ಬಾಳಿದವಳಿಗೆ ಮಾತು ಎಂದರೆ ಕಣ್ಣಿನಿಂದ ತಿಳಿಯುವುದೇ ಆಗಿತ್ತು. ಸೊಸೆ ಮಾತ್ರ ಮುಖ ತಗ್ಗಿಸಿ ಏನೋ ಗೊಣಗುತ್ತಾಳೆ, ತನ್ನನ್ನೇ ಬೈಯುತ್ತಿರಬೇಕು ಎಂದು ತಿಳಿದು, ಏನಾದರೊಂದು ಹೇಳಿ ಸುಮ್ಮನಾಗುತ್ತಿದ್ದಳು. ಮರ್ಯಾದೆ ಕೊಟ್ಟು ಕೊಟ್ಟು ಆ ಹುಡುಗಿ ಅತ್ತೆಯನ್ನು ಹುಚ್ಚಿ ಮಾಡಿದ್ದಳು. ಮುಖ ಎತ್ತಿ ಮಾತಾಡು ಎಂದು ಅವಳನ್ನು ಗದರಿಸಿದರೆ ಅತ್ತಳು. "ಅತ್ತಿಯಾರ ಮುಂದ ಮಾರಿ ಎತ್ತಿ ಹೆಂಗ ಮಾತಾಡ್ಲಿರಿ ಅಕ್ಕಾರ? ನಮ್ಮವ್ವ ಕೊಂದ ಹಾಕ್ತಾಳ." ಅವಳ ಮೇಲೆ ಸಿಟ್ಟು ಮಾಡುವುದೋ ಮರುಗುವುದೋ ತಿಳಿಯಲಿಲ್ಲ.

ತಮ್ಮನ ವಿಷಯದಲ್ಲಿ ಆ ಗೊಂದಲ ಇರಲಿಲ್ಲ. ಕಿವಿಯ ತೊಂದರೆ ಎಂದು ನಾನು ಹೇಳಿದ ಮಾರನೆಯ ದಿನವೇ ಪೇಟೆಯಿಂದ ಒಂದು ಕಿವಿ ಮಷೀನು ತಂದು ಅವ್ವನ ಕಿವಿಗೆ ತುರುಕಿದ. "ನೂರಾ ಮೂವತ್ತ ಹರ್ಟ್ಜ್ ಪವರ್ ಐತಂತ" ಎಂದು ಫೋನಿನಲ್ಲಿ ಹೆಮ್ಮೆಯಿಂದ ಹೇಳಿದ. ಮಾರಿದವನು ಹಾಗೆ ಹೇಳಿದನಂತೆ, ಇವನು ನಂಬಿದನಂತೆ. ನನ್ನ ತಮ್ಮ, ನಾನು ಕೂರಿಸಿ ಓದಿಸಿದವನು. ಸಂಜೆಯ ಹೊತ್ತಿಗೆ ಅವ್ವ ಅದನ್ನು ಕಿತ್ತು ಅಂಗಳಕ್ಕೆ ಎಸೆದಿದ್ದಳು. ಲಾರಿಯ ಸದ್ದು ತಲೆಯೊಳಗೇ ಹೊಕ್ಕ ಹಾಗಾಯಿತಂತೆ. "ನೋಡ, ನಾ ಹೇಳಿದ್ನಿಲ್ಲೋ, ಕಿವಿ ಅಲ್ಲ, ಹುಚ್ಚು" ಎಂದ ತಮ್ಮ. ಆ ಅಗ್ಗದ ಡಬ್ಬಿ ಬಂದ ಸದ್ದನ್ನೆಲ್ಲ ಒಂದೇ ಸಮನೆ ಗಟ್ಟಿ ಮಾಡುತ್ತಿತ್ತು. ಅವ್ವನಿಗೆ ಮೊದಲೇ ಚೆನ್ನಾಗಿ ಕೇಳಿಸುತ್ತಿದ್ದ ದಪ್ಪ ಸದ್ದುಗಳು ಸಿಡಿಲಾದವು, ಕೇಳಿಸದಿದ್ದದ್ದು ಆ ಗದ್ದಲದಲ್ಲಿ ಮುಚ್ಚಿಹೋಯಿತು. ಸಾರಿಗೆ ಉಪ್ಪು ಕಡಿಮೆ ಎಂದರೆ ಖಾರ ಸುರಿದಂತೆ.

ನಾನು ರಜೆ ಹಾಕಿ ಅವ್ವನನ್ನು ಬಾಗಲಕೋಟೆಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಭುಜದ ಮೇಲೆ ನಿದ್ದೆ ಮಾಡಿದಳು. ಅಮೀನಗಡದಲ್ಲಿ ಕರದಂಟು ಮಾರುವವರು ಕಿಟಕಿಯ ಕೆಳಗೆ ಕೂಗಿದಾಗಲೂ ಏಳಲಿಲ್ಲ.

ಕಿವಿ ಪರೀಕ್ಷಿಸುವ ಕೋಣೆಯಲ್ಲಿ ಹೊರಗಿನ ಸದ್ದು ಬಾರದ ಹಾಗೆ ಗೋಡೆಗೆಲ್ಲ ಮೆತ್ತೆ ಹೊಡೆದಿದ್ದರು. ಒಳಗೆ ಅವ್ವ, ಗಾಜಿನ ಈಚೆ ಯಂತ್ರದ ಮುಂದೆ ಒಬ್ಬ ತರುಣಿ, ಅವಳ ಪಕ್ಕದಲ್ಲಿ ನಾನು. ಕಿವಿಯ ಮೇಲಿಟ್ಟ ಹೆಡ್‌ಫೋನಿನಲ್ಲಿ ಸದ್ದು ಕೇಳಿದಾಗ ಕೈಬೆರಳು ಎತ್ತಬೇಕು ಎಂದು ಅವ್ವನಿಗೆ ಹೇಳಿಯಾಗಿತ್ತು. ಅವ್ವ ಗಾಜಿನೊಳಗಿಂದ ಆ ತರುಣಿಯ ಮುಖವನ್ನೇ ದಿಟ್ಟಿಸತೊಡಗಿದಳು. ಗುಂಡಿ ಒತ್ತುವಾಗ ಆಕೆಯ ಹುಬ್ಬು ಕುಣಿದರೆ ಸಾಕು, ಅವ್ವನ ಬೆರಳು ಮೇಲೇಳುತ್ತಿತ್ತು.

"ಕುರ್ಚಿ ಆ ಕಡೆ ತಿರುಗಸ್ರಿ" ಎಂದೆ.

"ನಮ್ಮಲ್ಲಿ ಪೇಷಂಟನ್ನ ಹಿಂಗ ಕೂಡ್ಸೂದ್ರಿ ಮೇಡಂ."

"ಆಕಿ ನಿಮ್ಮ ಮಾರಿ ಓದಾಕತ್ತಾಳ. ತಿರುಗಸ್ತೀರೋ, ನಾನ ತಿರುಗಸ್ಲೋ?"

ಕುರ್ಚಿ ತಿರುಗಿಸಿದರು. ಈಗ ನನಗೆ ಅವ್ವನ ಬೆನ್ನು, ತುರುಬು, ಕುರ್ಚಿಯ ತೋಳಿನ ಮೇಲಿಟ್ಟ ಬಲಗೈ ಮಾತ್ರ ಕಾಣುತ್ತಿದ್ದವು. ಯಂತ್ರದ ಮೇಲೆ ಇನ್ನೂರೈವತ್ತು ಹರ್ಟ್ಜ್ ಎಂದು ಬಂತು. ಬೆರಳು ಎದ್ದಿತು. ಐನೂರು ಹರ್ಟ್ಜ್, ಎದ್ದಿತು. ಒಂದು ಸಾವಿರ ಹರ್ಟ್ಜ್‌ಗೆ ಸ್ವಲ್ಪ ಗಟ್ಟಿ ಮಾಡಬೇಕಾಯಿತು. ಎರಡು ಸಾವಿರ ಹರ್ಟ್ಜ್‌ಗೆ ಇನ್ನೂ ಗಟ್ಟಿ ಮಾಡಿದ ಮೇಲೆ ಅನುಮಾನಿಸುತ್ತ ಅರ್ಧ ಎದ್ದಿತು. ನಾಲ್ಕು ಸಾವಿರ ಹರ್ಟ್ಜ್‌ನ ಸದ್ದು ಹೊರಟಿತು. ಆಕೆ ಹತ್ತು ಡೆಸಿಬೆಲ್ ಏರಿಸಿದಳು, ಮತ್ತೆ ಹತ್ತು ಏರಿಸಿದಳು, ಮತ್ತೆ ಏರಿಸಿದಳು. ಅವ್ವನ ಬೆರಳು ಕುರ್ಚಿಯ ತೋಳಿನ ಮೇಲೆಯೇ ಇತ್ತು. ಜಾಣ ಹುಡುಗಿಯ ಹಾಗೆ ಕಾಯುತ್ತ ಕೂತಿದ್ದಳು ಅವ್ವ, ಸದ್ದು ಇನ್ನೂ ಬಂದೇ ಇಲ್ಲ ಎಂದುಕೊಂಡು. ನಾನು ಹೊರಗೆ ಹೋಗಿ ಅತ್ತೆ. ದುಃಖಕ್ಕಿಂತ ಸಿಟ್ಟಿಗೇ ಅತ್ತೆ ಎನ್ನಬೇಕು.

ಲಾಳಿಯ ಬಡಿತ ಅವಳ ಕೇಳುವ ಶಕ್ತಿಯ ಮೇಲಂಚನ್ನು ತಿಂದುಹಾಕಿತ್ತು. ಲಾರಿಯ ಗುಡುಗು, ಗಂಡಸರ ಗಂಟಲು, ಅ ಆ ಇ ಈ ಎಂಬ ಸ್ವರಗಳ ಬಹುಪಾಲು ಕಸುವು ಕೆಳಗಿನ ಹರ್ಟ್ಜ್‌ಗಳಲ್ಲಿವೆ, ಅವು ಅವಳಿಗೆ ದಕ್ಕುತ್ತಿದ್ದವು. ಕುಕ್ಕರಿನ ಸೀಟಿ, ಮೊಬೈಲಿನ ಕಿಣಿಕಿಣಿ, ಸ, ಶ, ಚ, ತ ಎಂಬ ವ್ಯಂಜನಗಳ ಚೂಪು ಎರಡು ಸಾವಿರ ಹರ್ಟ್ಜ್‌ನ ಆಚೆಯವು, ಅವು ಅವಳ ಪಾಲಿಗೆ ಇರಲೇ ಇಲ್ಲ. ಬೇಕಾದ್ದು ಬೇಡಾದ್ದು ಎಂದು ಆರಿಸಿದವಳು ಅವ್ವನಲ್ಲ.

ಅಲ್ಲಿಯ ಡಾಕ್ಟರು ಒಳ್ಳೆಯವರು. ಹಳೆಯ ಗುಳಿಗೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ನಿಲ್ಲಿಸುವ ಕ್ರಮ ಬರೆದುಕೊಟ್ಟರು. ಅದು ಯಾತರ ಗುಳಿಗೆ ಎಂದು ಅವ್ವನಿಗೆ ಹೇಳುವ ಧೈರ್ಯ ನನಗೂ ಆಗಲಿಲ್ಲ. ಯಾವ ಹರ್ಟ್ಜ್‌ನಲ್ಲಿ ಎಷ್ಟು ಕೊರತೆ ಇದೆಯೋ ಅಷ್ಟನ್ನೇ ತುಂಬಿಕೊಡುವ ಮಷೀನು ಬೇರೆ ಇದೆ, ಅದನ್ನು ಅವ್ವನ ಕಿವಿಗೆ ಹೊಂದಿಸಿ ಕೊಡುತ್ತೇವೆ ಎಂದರು.

ಇಳಕಲ್ಲಿಗೆ ಬಂದು, ಅವ್ವ ಒಳಗೆ ಮಲಗಿದ ಮೇಲೆ, ವರದಿಯನ್ನು ತಮ್ಮನ ಮುಂದೆ ಹಿಡಿದೆ. ನಾಲ್ಕು ಸಾವಿರ ಎಂಬ ಅಂಕಿ ನೋಡಿ "ಅಬ್ಬಾ, ನಾಕ ಸಾವಿರದಷ್ಟ ಕಿವುಡೇನು?" ಎಂದ. ಆ ಕ್ಷಣ ನಾನು ಅಕ್ಕನಾಗಿ ಉಳಿಯಲಿಲ್ಲ, ಟೀಚರ್ ಆದೆ. ಅಂಗಳದಲ್ಲಿ ಕೂರಿಸಿ ಹರ್ಟ್ಜ್ ಎಂದರೇನು ಎಂದು ಮೊದಲಿನಿಂದ ಹೇಳಿದೆ.

"ಈಗ ವಾಕ್ಯ ಮಾಡು" ಎಂದೆ.

"ಏನಕ್ಕಾ ಇದು, ನಾ ಸಾಲಿ ಹುಡುಗನೇನು?"

"ಮಾಡು. 'ನಮ್ಮವ್ವಗ ಎರಡ ಸಾವಿರ ಹರ್ಟ್ಜ್‌ಗಿಂತ ಹೆಚ್ಚಿನ ಆವೃತ್ತಿಯ ಸದ್ದು ಸರಿಯಾಗಿ ಕೇಳೂದಿಲ್ಲ.' ಅನ್ನು."

"ಗೊತ್ತಾತು ಬಿಡ."

"ಊರ ಮಂದಿಗೆಲ್ಲ ತಲಿ ಕೆಟ್ಟೈತಿ ಅಂತ ಹೇಳಾಕ ಬಾಯಿ ಇತ್ತು. ಇದನ್ನ ಅನ್ನಾಕ ಬಾಯಿಲ್ಲೇನು?"

ಅವನು ಅನ್ನಲಿಲ್ಲ. ಮೋಟರ್‌ಸೈಕಲ್ಲು ಹತ್ತಿ ಹೊರಟುಹೋದ. ಒಂದು ಸಲ ಊರಿಗೆಲ್ಲ ಹೇಳಿದ ಮಾತನ್ನು ವಾಪಸು ತೆಗೆದುಕೊಳ್ಳುವುದು ಅವನಿಗೆ ಮರ್ಯಾದೆಯ ಪ್ರಶ್ನೆಯಾಗಿತ್ತು. ತಾಯಿ ಹುಚ್ಚಿಯಾಗಿಯೇ ಇದ್ದರೂ ಚಿಂತೆಯಿಲ್ಲ, ತಾನು ತಪ್ಪು ಎನ್ನಿಸಿಕೊಳ್ಳಬಾರದು. ಗಂಡುಮಕ್ಕಳ ಈ ಮರ್ಯಾದೆಗೆ ಬೆಂಕಿ ಹಾಕ.

ಮಷೀನು ಬಂತು. ಬಾಗಲಕೋಟೆಗೆ ಹೋಗಿ ಬಂದು, ಹೊಂದಿಸಿ, ಮತ್ತೆ ಹೊಂದಿಸಿದ ಮೇಲೆ ಅವ್ವ ಅದನ್ನು ಇಟ್ಟುಕೊಳ್ಳಲು ಒಪ್ಪಿದಳು. ಗುಳಿಗೆ ನಿಂತಿತ್ತು, ತೂಕಡಿಕೆ ಹೋಗಿತ್ತು. ಆದರೆ ತಮ್ಮ ಇನ್ನೂ ಅವಳನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ. ನೋಡೋಣ, ನೋಡೋಣ ಎನ್ನುತ್ತಿದ್ದ.

ಹೀಗಿರುವಾಗ ಒಂದು ದಿನ ಸೊಸೆಯ ತಂದೆ ಅಮೀನಗಡದಿಂದ ಮಗಳನ್ನು ನೋಡಲು ಬಂದರು. ನಾನೂ ಅಲ್ಲಿದ್ದೆ. ಅವ್ವ ಪಡಸಾಲೆಯ ಬಾಗಿಲಲ್ಲಿ ನಮಗೆ ಬೆನ್ನು ಮಾಡಿ, ಓಣಿಯ ಕಡೆ ಮುಖ ಹಾಕಿ ಕೂತಿದ್ದಳು. ಮಷೀನು ಸೆರಗಿನ ಒಳಗಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಬೀಗರು ಅವಳ ಕಡೆ ನೋಡಿ ಮೆಲ್ಲಗೆ ಕೇಳಿದರು, "ಅವ್ವಾರು ಹೆಂಗದಾರ?"

"ಏನ ಹೆಂಗ್ರಿ ಮಾವಾರ" ಎಂದ ತಮ್ಮ, ದನಿ ತಗ್ಗಿಸಿ. "ತಲಿ ಪೂರಾ ಹೋಗೈತಿ. ನಾವ ಹೆಂಗೋ ಸಂಭಾಳಸಾಕತ್ತೇವಿ."

ನಾನು ಬಾಯಿ ತೆರೆಯುವ ಮೊದಲೇ ಅವ್ವ ತಿರುಗಿದಳು. ಕೂತಲ್ಲಿಂದಲೇ ಮಗನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

"ಎಷ್ಟ ದಿನಾತು, ಹಿಂಗ ಅನ್ನಾಕ ಹತ್ತಿ?" ಎಂದಳು.

ತಮ್ಮನ ಬಣ್ಣ ಇಳಿಯಿತು. "ಏನೂ ಇಲ್ಲಬೇ ಯವ್ವಾ, ಬ್ಯಾರೆ ಯಾರದೋ ಮಾತು" ಎಂದ.

"ಮೊಳಕಾಲಿಗಂತ ಕೊಡ್ತಿದ್ದಿ. ಆ ಗುಳಗಿ ಇದಕ್ಕೇನು?"

ಬೀಗರು ನೆಲ ನೋಡಿದರು. ಸೊಸೆ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಳು. ತಮ್ಮ ನನ್ನ ಮುಖ ನೋಡಿದ, ಸಣ್ಣವನಿದ್ದಾಗ ಏಟು ಬೀಳುವ ಹೊತ್ತಿಗೆ ನೋಡುತ್ತಿದ್ದ ಹಾಗೆ. ಆಗೆಲ್ಲ ನಾನು ಅಡ್ಡ ಹೋಗುತ್ತಿದ್ದೆ. ಈ ಸಲ ಹೋಗಲಿಲ್ಲ.

"ಆಕಿ ಕೇಳಾಕತ್ತಾಳ, ಹೇಳು" ಎಂದೆ.

"ಹೌದವ್ವಾ" ಎಂದ ತಮ್ಮ. ಅದೂ ಅರ್ಧ ಗಂಟಲಿನಲ್ಲಿ.

ಅವ್ವ ಗೋಡೆ ಹಿಡಿದು ಎದ್ದು ಅಡಿಗೆಮನೆಗೆ ಹೋದಳು. ಸೊಸೆ ದಾರಿ ಬಿಟ್ಟಳು. ಒಲೆ ಹಚ್ಚಿದ ಸದ್ದು, ಪಾತ್ರೆಗೆ ನೀರು ಸುರಿದ ಸದ್ದು ಕೇಳಿಸಿತು, ಯಾರೂ ತಡೆಯಲಿಲ್ಲ. ತಾಟಿನಲ್ಲಿ ಚಹಾ ಇಟ್ಟುಕೊಂಡು ಹೊರಗೆ ಬಂದಳು. ಮೊದಲು ಬೀಗರಿಗೆ ಕೊಟ್ಟಳು, ನನಗೆ ಕೊಟ್ಟಳು, ಸೊಸೆಯನ್ನು ಕರೆದು ಕೈಗೆ ಕಪ್ಪು ಇಟ್ಟಳು. ಉಳಿದ ಒಂದನ್ನು ತಾನು ತೆಗೆದುಕೊಂಡು ಬಾಗಿಲಲ್ಲಿ ಕೂತು ಕುಡಿದಳು. ಮಗನಿಗೆ ಮಾಡಿರಲಿಲ್ಲ.